ದುಡ್ಡು ಸೇರಿತು, ಟೆಲಿಸ್ಕೋಪ್ ಹಾರಲಿಲ್ಲ: ಆರ್ಕಿಡ್-100ರ ಪ್ರಕರಣ ಅಧ್ಯಯನ

2013ರ ಮೇ 29ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಲಾನೆಟರಿ ರಿಸೋರ್ಸಸ್ ಎಂಬ ಕಂಪನಿ, ಯೋಜನೆಗಳಿಗೆ ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಚಂದಾ ಎತ್ತಲು ಶುರುಮಾಡಿತು. ಯಾವುದಕ್ಕೆ? ಜನರೇ ಬಳಸಬಹುದಾದ ಒಂದು ಬಾಹ್ಯಾಕಾಶ ಟೆಲಿಸ್ಕೋಪ್‌ಗೆ. ಹೆಸರು ಆರ್ಕಿಡ್-100. ಗುರಿ 10 ಲಕ್ಷ ಡಾಲರ್. ಸುಮಾರು ಒಂದು ತಿಂಗಳಲ್ಲಿ 17,614 ಮಂದಿ ಸೇರಿ 15,05,366 ಡಾಲರ್ ಕೊಡಲು ಒಪ್ಪಿದರು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 9 ಕೋಟಿ ರೂಪಾಯಿ. ಮೂರು ವರ್ಷ ಕಳೆಯಿತು. 2016ರ ಮೇ ತಿಂಗಳಲ್ಲಿ ಅದೇ ಕಂಪನಿ, ಟೆಲಿಸ್ಕೋಪ್ ಮಾಡುತ್ತಿಲ್ಲ, ಎಲ್ಲರ ದುಡ್ಡನ್ನೂ ಪೂರ್ತಿ ವಾಪಸ್ ಕೊಡುತ್ತೇವೆ ಎಂದು ಹೇಳಿತು.

ಇದರಲ್ಲಿ ಮೋಸ ಇರಲಿಲ್ಲ. ದುಡ್ಡು ಎತ್ತಿಕೊಂಡು ಕಾಣೆಯಾದವರೂ ಇಲ್ಲ. ಕೆಲಸ ಗೊತ್ತಿಲ್ಲದವರಂತೂ ಅಲ್ಲವೇ ಅಲ್ಲ. ಕಂಪನಿಯ ಮುಖ್ಯಸ್ಥ ಕ್ರಿಸ್ ಲೆವಿಕಿ ನಾಸಾದಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಮಂಗಳ ರೋವರ್‌ಗಳ ಫ್ಲೈಟ್ ಡೈರೆಕ್ಟರ್ ಆಗಿದ್ದವರು. ಹೂಡಿಕೆದಾರರಲ್ಲಿ ಗೂಗಲ್‌ನ ಲ್ಯಾರಿ ಪೇಜ್ ಮತ್ತು ಎರಿಕ್ ಸ್ಮಿಟ್ ಇದ್ದರು. ಜನ, ಜ್ಞಾನ, ದುಡ್ಡು ಎಲ್ಲ ಇದ್ದೂ ಕೆಲಸ ಆಗಲಿಲ್ಲ. ಅದಕ್ಕೇ ನಮ್ಮಂಥ ಹವ್ಯಾಸಿ ಖಗೋಳ ವೀಕ್ಷಕರಿಗೆ ಈ ಪ್ರಕರಣವನ್ನು ಕೂತು ನೋಡುವುದು ಮುಖ್ಯ ಅನ್ನಿಸುತ್ತದೆ. ‘ನಮ್ಮದೇ ಒಂದು ಸ್ಪೇಸ್ ಟೆಲಿಸ್ಕೋಪ್’ ಎಂಬ ಆಸೆ ಹವ್ಯಾಸಿಗಳಲ್ಲಿ 1980ರ ದಶಕದಿಂದಲೂ ಇದೆ. ಆರ್ಕಿಡ್-100ಕ್ಕೆ ಸಿಕ್ಕಷ್ಟು ಅನುಕೂಲ ಬೇರೆ ಯಾವ ಹವ್ಯಾಸಿ ಕನಸಿಗೂ ಸಿಕ್ಕಿದ್ದಂತಿಲ್ಲ.

ಕೊಟ್ಟ ಮಾತು ಏನು?

ಪ್ಲಾನೆಟರಿ ರಿಸೋರ್ಸಸ್ ಹುಟ್ಟಿದ್ದು ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆ ಮಾಡಲು. 2012ರ ಏಪ್ರಿಲ್‌ನಲ್ಲಿ ಅದನ್ನು ಜಗತ್ತಿಗೆ ಸಾರಿ ಹೇಳಿತ್ತು. ಗಣಿಗೆ ಮೊದಲು ಹುಡುಕಾಟ ಬೇಕಲ್ಲ? ಅದಕ್ಕೆ ಭೂಮಿಯ ಸುತ್ತ ಸುತ್ತುವ ಸಣ್ಣ ಟೆಲಿಸ್ಕೋಪ್‌ಗಳ ಒಂದು ಸಾಲು. ಅದೇ ಆರ್ಕಿಡ್-100. ಕನ್ನಡಿ ಸುಮಾರು 20 ಸೆಂ.ಮೀ. ಅಗಲ. ನಮ್ಮ ಕ್ಲಬ್‌ಗಳಲ್ಲಿ ‘ಎಂಟಿಂಚು’ ಅಂತೀವಲ್ಲ, ಅಷ್ಟೇ ಗಾತ್ರ. ಅಂಥದ್ದೊಂದನ್ನು ಜನರಿಗಾಗಿಯೂ ಮಾಡಿ 2015ರಲ್ಲಿ ಹಾರಿಸುತ್ತೇವೆ ಎಂಬುದು ಮಾತು.

25 ಡಾಲರ್ ಕೊಟ್ಟವರಿಗೆ ‘ಸ್ಪೇಸ್ ಸೆಲ್ಫಿ’. ಉಪಗ್ರಹದ ಹೊರಮೈ ಮೇಲೆ ಒಂದು ಪುಟ್ಟ ಪರದೆ. ಅದರಲ್ಲಿ ನಿಮ್ಮ ಫೋಟೋ ಮೂಡುತ್ತದೆ. ಒಂದು ತೋಳಿನ ತುದಿಯಲ್ಲಿರುವ ಕ್ಯಾಮೆರಾ ಆ ಪರದೆಯನ್ನೂ ಹಿಂದಿರುವ ಭೂಮಿಯನ್ನೂ ಸೇರಿಸಿ ಚಿತ್ರ ತೆಗೆಯುತ್ತದೆ. ಜಾಸ್ತಿ ಕೊಟ್ಟವರು ತಮಗೆ ಬೇಕಾದ ಗ್ರಹ, ನೀಹಾರಿಕೆ, ಗೆಲಾಕ್ಸಿಯ ಕಡೆ ಟೆಲಿಸ್ಕೋಪ್ ತಿರುಗಿಸಿಕೊಳ್ಳಬಹುದು. ಶಾಲೆ, ಮ್ಯೂಸಿಯಂಗಳಿಗೆ ವೀಕ್ಷಣೆಯ ಸಮಯ ಕೊಡುವ ಯೋಜನೆಯೂ ಇತ್ತು. ದುಡ್ಡು ಗುರಿ ದಾಟುತ್ತಿದ್ದಂತೆ ಹೊಸ ಆಸೆಗಳು ಸೇರಿದವು. ದುಡ್ಡು ಇನ್ನಷ್ಟು ಏರಿದರೆ, ಜನರನ್ನು ವಿಜ್ಞಾನದ ಕೆಲಸಕ್ಕೆ ಸೇರಿಸಿಕೊಳ್ಳುವ ಝೂನಿವರ್ಸ್ ಜಾಲತಾಣದ ಜೊತೆ ಸೇರಿ ಸಾಮಾನ್ಯರೂ ಕ್ಷುದ್ರಗ್ರಹ ಹುಡುಕುವ ‘ಆಸ್ಟರಾಯ್ಡ್ ಝೂ’. 20 ಲಕ್ಷ ಮುಟ್ಟಿದರೆ ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕುವ ಸಾಮರ್ಥ್ಯ. ಈ ಕೊನೆಯದ್ದಕ್ಕೆ ಒಂದು ಹಿನ್ನೆಲೆ ಇದೆ. ಅದೇ ಮೇ ತಿಂಗಳಲ್ಲಿ ನಾಸಾದ ಕೆಪ್ಲರ್ ಟೆಲಿಸ್ಕೋಪ್‌ನ ಎರಡನೇ ರಿಯಾಕ್ಷನ್ ವೀಲ್ ಕೆಟ್ಟು, ಅದರ ಮೂಲ ಗ್ರಹಬೇಟೆ ನಿಂತುಹೋಗಿತ್ತು. ಗುರಿ ಹಿಡಿದು ನಿಲ್ಲಿಸುವ ಒಂದು ಚಕ್ರ ಕೆಟ್ಟರೆ ಎಂಥ ದೊಡ್ಡ ಟೆಲಿಸ್ಕೋಪ್ ಕೂಡ ಏನಾಗುತ್ತದೆ ಅಂತ ಆ ತಿಂಗಳ ಸುದ್ದಿಯೇ ಹೇಳುತ್ತಿತ್ತು. 20 ಲಕ್ಷ ಮುಟ್ಟಲಿಲ್ಲ, ಅದು ಬೇರೆ ಮಾತು.

ಕೊಟ್ಟವರ ಲೆಕ್ಕ ನೋಡಿ. ಸರಾಸರಿ ತೆಗೆದರೆ ತಲೆಗೆ 85 ಡಾಲರ್. ಇವರಲ್ಲಿ ರಾತ್ರಿಯೆಲ್ಲ ಆಕಾಶ ನೋಡುವವರು ಎಷ್ಟು, ಸುಮ್ನೆ ಸೆಲ್ಫಿಗೆ ಆಸೆಪಟ್ಟವರು ಎಷ್ಟು? ನನ್ನ ಅಭಿಪ್ರಾಯದಲ್ಲಿ ಸೆಲ್ಫಿ ಈ ಯೋಜನೆಗೆ ಹೆಸರು ತಂದಿತು, ಜೊತೆಗೆ ಭಾರವನ್ನೂ ತಂದಿತು. ಪರದೆ, ತೋಳು, ಇನ್ನೊಂದು ಕ್ಯಾಮೆರಾ, ಸಾವಿರಾರು ಫೋಟೋಗಳನ್ನು ಮೇಲಕ್ಕೆ ಕಳಿಸಿ ಕೆಳಕ್ಕೆ ಇಳಿಸುವ ಕೆಲಸ. ಇದಾವುದಕ್ಕೂ 20 ಸೆಂ.ಮೀ. ಕನ್ನಡಿ ಬೇಕಿಲ್ಲ.

ಎಂಟಿಂಚು ಮೇಲೆ ಹೋದರೆ ಸಿಗುವುದೇನು?

ಈ ಪ್ರಶ್ನೆಯನ್ನು ಆಗ ಕೇಳಿದವರು ಕಡಿಮೆ. 20 ಸೆಂ.ಮೀ. ಕನ್ನಡಿ ಹಸಿರು ಬೆಳಕಿನಲ್ಲಿ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಕೋನ ಸುಮಾರು 0.7 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್ ಇರುತ್ತವೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800. ಒಳ್ಳೆಯ ಬೆಟ್ಟದ ಮೇಲೆ, ಗಾಳಿ ತಣ್ಣಗಿದ್ದ ರಾತ್ರಿ, ನೆಲದ ಮೇಲಿನ ಟೆಲಿಸ್ಕೋಪ್‌ಗೂ ಒಂದು ಆರ್ಕ್‌ಸೆಕೆಂಡ್ ಸಿಗುತ್ತದೆ. ಅಂದರೆ ಚಿತ್ರ ಎಷ್ಟು ಚೂಪಾಗಿದೆ ಎಂಬ ಒಂದೇ ಕಾರಣಕ್ಕೆ ಎಂಟಿಂಚನ್ನು ಕಕ್ಷೆಗೆ ಏರಿಸುವುದು ಲಾಭದ ವ್ಯವಹಾರ ಅಲ್ಲ. ಹಬಲ್ ಚಿತ್ರಗಳನ್ನು ನೋಡಿದವರು ಅಂಥದ್ದೇ ಬರುತ್ತದೆ ಅಂದುಕೊಂಡಿದ್ದರೆ ನಿರಾಸೆಯೇ ಗತಿ. ಹಬಲ್‌ನ ಕನ್ನಡಿ 2.4 ಮೀಟರ್.

ಸಣ್ಣ ಟೆಲಿಸ್ಕೋಪ್‌ಗೆ ಮೇಲೆ ನಿಜವಾಗಿ ಸಿಗುವ ಲಾಭ ಬೇರೆ. ನಕ್ಷತ್ರ ಮಿನುಗುವುದಿಲ್ಲ, ಹಾಗಾಗಿ ಅದರ ಬೆಳಕಿನ ಏರಿಳಿತವನ್ನು ತುಂಬಾ ನಿಖರವಾಗಿ ಅಳೆಯಬಹುದು. ನಮ್ಮ ವಾತಾವರಣ ತಡೆಯುವ ಅತಿನೇರಳೆ ಬೆಳಕನ್ನು ನೋಡಬಹುದು. ಕಕ್ಷೆ ಸರಿಯಾಗಿ ಆರಿಸಿಕೊಂಡರೆ ಒಂದೇ ನಕ್ಷತ್ರವನ್ನು ದಿನಗಟ್ಟಲೆ ಕಾಯಬಹುದು. ಕೆನಡಾದವರು 2003ರ ಜೂನ್ 30ರಂದು ಹಾರಿಸಿದ ‘ಮೋಸ್ಟ್’ ಎಂಬ ಉಪಗ್ರಹ ಇದನ್ನೇ ಮಾಡಿತು. ಕನ್ನಡಿ ಬರೀ 15 ಸೆಂ.ಮೀ., ಒಟ್ಟು ತೂಕ 50 ಕಿಲೋಗಿಂತ ಸ್ವಲ್ಪ ಜಾಸ್ತಿ. ಚೆಂದದ ಫೋಟೋ ತೆಗೆಯಲು ಹೋಗದೆ ನಕ್ಷತ್ರಗಳ ಬೆಳಕು ಅಳೆಯುತ್ತಾ ಒಂದು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು. ‘ಬ್ರೈಟ್’ ಸರಣಿಯ ನ್ಯಾನೋ ಉಪಗ್ರಹಗಳಂತೂ ಇನ್ನೂ ಚಿಕ್ಕವು. 20 ಸೆಂ.ಮೀ.ನ ಡಬ್ಬ, 7 ಕಿಲೋ ತೂಕ, 3 ಸೆಂ.ಮೀ. ಮಸೂರ. ಮೊದಲ ಎರಡು ಹಾರಿದ್ದು 2013ರ ಫೆಬ್ರವರಿಯಲ್ಲಿ, ನಮ್ಮ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ-ಸಿ20ರಲ್ಲಿ. ಆರ್ಕಿಡ್ ಚಂದಾ ಶುರುವಾಗುವ ಮೂರು ತಿಂಗಳ ಮೊದಲು. ಇವೆರಡರ ಹಿಂದೆಯೂ ‘ಈ ಅಳತೆ ನಮಗೆ ಬೇಕೇ ಬೇಕು’ ಎಂದು ಹಟ ಹಿಡಿದ ವಿಜ್ಞಾನಿಗಳಿದ್ದರು.

ಒಂದು ಕೂದಲೆಳೆಯಷ್ಟು

ಈಗ ಯಂತ್ರದ ಕಷ್ಟಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಕೆಳಗಿನ ಲೆಕ್ಕ ಉದಾಹರಣೆಗೆ ಮಾತ್ರ, ಆರ್ಕಿಡ್‌ನ ಒಳ ವಿನ್ಯಾಸ ಅಲ್ಲ.

ಎಫ್/4ರ, ಅಂದರೆ ಫೋಕಸ್ ದೂರ ಕನ್ನಡಿಯ ಅಗಲದ ನಾಲ್ಕರಷ್ಟಿರುವ, ಒಂದು ಎಂಟಿಂಚು ತೆಗೆದುಕೊಳ್ಳಿ. ಎರಡು ಕನ್ನಡಿಗಳ ನಡುವೆ 40 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ. ಅಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ. ಕೊಳವೆ 10 ಡಿಗ್ರಿ ಬಿಸಿಯಾದರೆ ಅದರ ಉದ್ದ ಸುಮಾರು 90 ಮೈಕ್ರಾನ್ ಹೆಚ್ಚುತ್ತದೆ. ಒಂದು ಕೂದಲೆಳೆಯ ದಪ್ಪ. ಅದೇನು ಮಹಾ ಅನ್ನಿಸಬಹುದು. ಆದರೆ ಎಫ್/4ರಲ್ಲಿ ಫೋಕಸ್ ಕೆಡದೆ ಉಳಿಯುವ ಅಂತರ ಆಚೆ ಈಚೆ 17–18 ಮೈಕ್ರಾನ್ ಅಷ್ಟೇ. ಅಂದರೆ ಪ್ರತಿ ಸುತ್ತಿನಲ್ಲೂ ನಕ್ಷತ್ರಗಳು ಚುಕ್ಕಿಯಿಂದ ಬಿಲ್ಲೆಯಾಗುತ್ತವೆ, ಮತ್ತೆ ಚುಕ್ಕಿಯಾಗುತ್ತವೆ. ತಾರಸಿಯ ಮೇಲಾದರೆ ನಾವು ಫೋಕಸರ್ ತಿರುಗಿಸಿ ಸರಿ ಮಾಡಿಕೊಳ್ಳುತ್ತೇವೆ. ಅಲ್ಲಿ ತಿರುಗಿಸುವ ಕೈ ಯಾವುದು? ಕನ್ನಡಿಯನ್ನೂ ಅಲ್ಯೂಮಿನಿಯಂನಲ್ಲೇ ಮಾಡಿದರೆ ಎಲ್ಲವೂ ಒಟ್ಟಿಗೆ ಹಿಗ್ಗಿ ಫೋಕಸ್ ಉಳಿಯುತ್ತದೆ ಎಂಬ ಉಪಾಯ ಇದೆ. ಒಳ್ಳೆಯ ಉಪಾಯವೇ. ಆದರೆ ಬಿಸಿಲು ಒಂದೇ ಬದಿಗೆ ಬಿದ್ದರೆ ಕೊಳವೆ ಬಾಗುತ್ತದೆ. ಆಗ ಕಾರ್ಬನ್ ಫೈಬರ್, ಬಿಸಿಗೆ ಅಷ್ಟಾಗಿ ಹಿಗ್ಗದ ಇನ್ವಾರ್ ಲೋಹ, ಹೀಟರ್, ಹೊದಿಕೆ ಎಂದು ಪಟ್ಟಿ ಬೆಳೆಯುತ್ತದೆ. ಪಟ್ಟಿಯ ಪ್ರತಿ ಸಾಲಿಗೂ ಪರೀಕ್ಷೆ, ಪ್ರತಿ ಪರೀಕ್ಷೆಗೂ ನಿರ್ವಾತದ ಕೋಣೆಯ ಬಾಡಿಗೆ.

ಇದಕ್ಕಿಂತ ದೊಡ್ಡ ತಲೆನೋವು ಗುರಿ ಹಿಡಿಯುವುದು. 0.7 ಆರ್ಕ್‌ಸೆಕೆಂಡ್ ವಿವರ ಬೇಕೆಂದರೆ ಎಕ್ಸ್‌ಪೋಷರ್ ಮುಗಿಯುವವರೆಗೆ ಟೆಲಿಸ್ಕೋಪ್ ಅದಕ್ಕಿಂತ ಕಡಿಮೆ ಅಲುಗಾಡಬೇಕು. ನೆಲದ ಮೇಲೆ ಟೆಲಿಸ್ಕೋಪ್‌ಗೆ ಆಧಾರವಾಗಿ ಕಾಂಕ್ರೀಟ್ ಕಂಬ ಇರುತ್ತದೆ. ಅಲ್ಲಿ ಆಧಾರವೇ ಇಲ್ಲ. ಒಳಗಿನ ರಿಯಾಕ್ಷನ್ ವೀಲ್ ಒಂದು ಕಡೆ ತಿರುಗಿದರೆ ಉಪಗ್ರಹ ಇನ್ನೊಂದು ಕಡೆ ತಿರುಗುತ್ತದೆ. ಆ ಚಕ್ರಗಳೇ ಸ್ವಲ್ಪ ನಡುಗುತ್ತವೆ, ಆ ನಡುಕ ಚಿತ್ರಕ್ಕೆ ಬರುತ್ತದೆ. 10 ಕಿಲೋದ ಸಣ್ಣ ಉಪಗ್ರಹದಲ್ಲಿ ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ನಾಸಾದ ಜೆಪಿಎಲ್, ಎಂಐಟಿ ಜೊತೆ ಸೇರಿ, ‘ಆಸ್ಟೀರಿಯಾ’ದಲ್ಲಿ. ಅದು 2017ರ ನವೆಂಬರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿತ್ತು. ಅದರಲ್ಲಿ ಚಕ್ರಗಳು ಉಪಗ್ರಹವನ್ನು ಒರಟಾಗಿ ಗುರಿಗೆ ತರುತ್ತಿದ್ದವು. ಉಳಿದ ಅಲುಗಾಟಕ್ಕೆ ತಕ್ಕಂತೆ ಕ್ಯಾಮೆರಾದ ಸೆನ್ಸರ್‌ನ್ನೇ ವಿದ್ಯುತ್ ಕೊಟ್ಟರೆ ಒಂದಿಷ್ಟೇ ಇಷ್ಟು ಸರಿಯುವ ಪೀಜೋ ವೇದಿಕೆಯ ಮೇಲೆ ಕೂರಿಸಿ ಸೂಕ್ಷ್ಮವಾಗಿ ಸರಿಸುತ್ತಿದ್ದರು. 20 ನಿಮಿಷದವರೆಗೆ ಸುಮಾರು ಅರ್ಧ ಆರ್ಕ್‌ಸೆಕೆಂಡ್ ಸ್ಥಿರತೆ ಸಿಕ್ಕಿತು. ಸೆನ್ಸರ್‌ನ ಉಷ್ಣತೆ ಒಂದು ಡಿಗ್ರಿಯ ನೂರನೇ ಒಂದು ಭಾಗದೊಳಗೆ ನಿಂತಿತು. 55 ಕ್ಯಾಂಕ್ರಿ ಎಂಬ ನಕ್ಷತ್ರದ ಮುಂದೆ ಅದರ ಒಂದು ಗ್ರಹ ಹಾದುಹೋಗುವುದನ್ನೂ ಅದು ಗುರುತಿಸಿತು. ಜೆಪಿಎಲ್‌ನಂಥ ಸಂಸ್ಥೆ ಇದನ್ನು ಮಾಡಿ ತೋರಿಸಿದ್ದು ಆರ್ಕಿಡ್ ಹಾರಬೇಕಿದ್ದ ವರ್ಷ ದಾಟಿದ ಮೇಲೆ ಎಂಬುದನ್ನು ಗಮನಿಸಿ.

ಚಿತ್ರ ಕೆಳಗಿಳಿಸುವ ಲೆಕ್ಕವನ್ನೂ ಒಮ್ಮೆ ಹಾಕೋಣ. 16 ಮೆಗಾಪಿಕ್ಸೆಲ್‌ನ ಒಂದು ಕಚ್ಚಾ ಚಿತ್ರ ಸುಮಾರು 24 ಎಂಬಿ. ವಿದ್ಯಾರ್ಥಿ ಉಪಗ್ರಹಗಳಲ್ಲಿ ಸಾಮಾನ್ಯವಾದ, ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಅದಕ್ಕೆ ಐದೂವರೆ ಗಂಟೆ ಬೇಕು. ಒಂದು ಊರಿನ ಮೇಲೆ ಉಪಗ್ರಹ ಹಾದುಹೋಗುವುದು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ಒಂದು ಚಿತ್ರಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಕಾಯಬೇಕು. ವೇಗದ ರೇಡಿಯೋ ಹಾಕಿದರೆ ಕೆಲವೇ ನಿಮಿಷ ಸಾಕು, ಆದರೆ ಅದಕ್ಕೆ ವಿದ್ಯುತ್, ದೊಡ್ಡ ಡಿಶ್, ಪರವಾನಗಿ ಎಲ್ಲ ಬೇಕು. ಹವ್ಯಾಸಿಗಳಿಗೆ ಮೀಸಲಾದ ಹ್ಯಾಮ್ ರೇಡಿಯೋ ತರಂಗಗಳನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. 17 ಸಾವಿರ ಗಿರಾಕಿಗಳಿರುವ ಟೆಲಿಸ್ಕೋಪ್‌ಗೆ ಇದು ಸಣ್ಣ ಮಾತಲ್ಲ.

ಇಷ್ಟಕ್ಕೆಲ್ಲ 15 ಲಕ್ಷ ಡಾಲರ್ ಸಾಕಾಗುತ್ತಿತ್ತೇ? ಅದರಲ್ಲಿ ಕಿಕ್‌ಸ್ಟಾರ್ಟರ್‌ನ ಶೇ. 5, ಮೇಲೆ ಪಾವತಿಯ ಶುಲ್ಕ. ಹೋಲಿಕೆಗೆ ಇಸ್ರೋದ ಖಗೋಳ ಉಪಗ್ರಹ, ನಮ್ಮ ಆಸ್ಟ್ರೋಸ್ಯಾಟ್ ನೋಡಿ. ಅದಕ್ಕೆ ತಗುಲಿದ್ದು ಸುಮಾರು 178 ಕೋಟಿ ರೂಪಾಯಿ. ನಿಜ, ಅದು ಒಂದೂವರೆ ಟನ್‌ನ ವೀಕ್ಷಣಾಲಯ, ಹಲವು ಉಪಕರಣ ಹೊತ್ತದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಅದರ ಯುವಿಐಟಿ ಎಂಬ, ಅತಿನೇರಳೆ ಬೆಳಕು ನೋಡುವ 37.5 ಸೆಂ.ಮೀ.ನ ಜೋಡಿ ಟೆಲಿಸ್ಕೋಪ್‌ನ ಕಥೆ ಬೆಂಗಳೂರಿನವರಿಗೆ ಗೊತ್ತಿರಬೇಕು. ಭಾರತೀಯ ಖಭೌತ ಸಂಸ್ಥೆಯವರು ಅದನ್ನು ಹೊಸಕೋಟೆಯಲ್ಲಿರುವ ತಮ್ಮ ಧೂಳುರಹಿತ ಪ್ರಯೋಗಾಲಯದಲ್ಲಿ ಜೋಡಿಸಿ ಪರೀಕ್ಷಿಸಿದರು. 2015ರ ಸೆಪ್ಟೆಂಬರ್ 28ರಂದು ಹಾರಿದ ಮೇಲೂ ಸುಮಾರು ಎರಡು ತಿಂಗಳು ಅದರ ಬಾಗಿಲು ತೆರೆಯಲಿಲ್ಲ. ಉಪಗ್ರಹದಿಂದಲೇ ಹೊರಬರುವ ಆವಿ ಕನ್ನಡಿಯ ಮೇಲೆ ಕೂತರೆ ಅತಿನೇರಳೆ ಬೆಳಕೇ ಕಾಣುವುದಿಲ್ಲ ಎಂಬ ಎಚ್ಚರಿಕೆ. ಇಂಥ ತಾಳ್ಮೆಗೂ ಸಂಬಳ ಕೊಡಬೇಕು. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಜನ ಮೊದಲು ಮರೆಯುವುದು ಅದನ್ನೇ.

ಕಂಪನಿಯ ದಾರಿ ಬೇರೆಯಾಯಿತು

ಕಂಪನಿ ಸುಮ್ಮನೆ ಕೂತಿರಲಿಲ್ಲ. ಆಸ್ಟರಾಯ್ಡ್ ಝೂ 2014ರ ಜೂನ್‌ನಲ್ಲಿ ಶುರುವಾಯಿತು, ಕ್ಷುದ್ರಗ್ರಹ ಹುಡುಕುವ ಕೆಟಲೀನಾ ಸ್ಕೈ ಸರ್ವೆಯ ಹಳೆಯ ಚಿತ್ರಗಳನ್ನು ಜನರ ಮುಂದಿಟ್ಟಿತು. ಕೊಟ್ಟ ಮಾತುಗಳಲ್ಲಿ ನಡೆದದ್ದು ಅದು. ಟೆಲಿಸ್ಕೋಪ್‌ಗೆ ಮೊದಲು ಅದರ ಕಂಪ್ಯೂಟರ್, ನಿಯಂತ್ರಣ ವ್ಯವಸ್ಥೆಗಳನ್ನು ಪರೀಕ್ಷಿಸಲು ಆರ್ಕಿಡ್-3 ಎಂಬ ಪುಟ್ಟ ಉಪಗ್ರಹ ತಯಾರಾಯಿತು. 2014ರ ಅಕ್ಟೋಬರ್ 28ರಂದು ವರ್ಜೀನಿಯಾದ ವಾಲಪ್ಸ್‌ನಿಂದ ಅದನ್ನು ಹೊತ್ತ ಆಂಟಾರಿಸ್ ರಾಕೆಟ್ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಸ್ಫೋಟಿಸಿತು. ಇನ್ನೊಂದನ್ನು ಮಾಡಿ ಕಳಿಸಿದರು. 2015ರ ಜುಲೈ 16ರಂದು ಅದು ಬಾಹ್ಯಾಕಾಶ ನಿಲ್ದಾಣದಿಂದ ಕಕ್ಷೆಗೆ ಇಳಿಯಿತು, ಕೆಲಸ ಮಾಡಿತು. ಅದರಲ್ಲಿ ಟೆಲಿಸ್ಕೋಪ್ ಇರಲಿಲ್ಲ.

ಟೆಲಿಸ್ಕೋಪ್ ಕೈಬಿಟ್ಟದ್ದಕ್ಕೆ ಕಂಪನಿ ಕೊಟ್ಟ ಕಾರಣದ ಸಾರ ಇಷ್ಟು: ಜನರ ಚಂದಾ ಬೀಜದ ದುಡ್ಡು, ಅದನ್ನು ನೋಡಿ ಶಿಕ್ಷಣ ಸಂಸ್ಥೆಗಳು, ಬೇರೆ ಹೂಡಿಕೆದಾರರು ಬರುತ್ತಾರೆ ಎಂದು ನಂಬಿದ್ದೆವು, ಅವರು ಬರಲಿಲ್ಲ. ಏಕೆ ಬರಲಿಲ್ಲ ಎಂಬುದಕ್ಕೆ ನನ್ನ ಊಹೆ ಇದು. 2013ರ ಹೊತ್ತಿಗೇ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ನೆಲದ ಟೆಲಿಸ್ಕೋಪ್‌ಗಳು ಬೇಕಾದಷ್ಟಿದ್ದವು. ಬೆಂಗಳೂರಿನ ಒಂದು ಶಾಲೆ ಕೂತಲ್ಲಿಂದಲೇ ಆಸ್ಟ್ರೇಲಿಯಾದ ಕತ್ತಲ ಆಕಾಶದಲ್ಲಿ ದೊಡ್ಡ ಟೆಲಿಸ್ಕೋಪ್ ಓಡಿಸಬಹುದಿತ್ತು, ಅದೂ ಕೆಟ್ಟರೆ ರಿಪೇರಿ ಮಾಡಬಹುದಾದದ್ದು. ಶಾಲೆಯವರಿಗೆ ಬೇಕಿದ್ದದ್ದು ಚಿತ್ರ. ಅದು ಕಕ್ಷೆಯಿಂದಲೇ ಬರಬೇಕೆಂಬ ಹಟ ಅವರಿಗಿರಲಿಲ್ಲ.

ದುಡ್ಡು ವಾಪಸ್ ಎಂದ ಅದೇ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂತು. ಕಂಪನಿಗೆ 2.11 ಕೋಟಿ ಡಾಲರ್ ಹೊಸ ಹೂಡಿಕೆ ಸಿಕ್ಕಿತ್ತು. ಯಾವುದಕ್ಕೆ? ‘ಸೆರೆಸ್’ ಎಂಬ ಯೋಜನೆಗೆ. ಹತ್ತು ಉಪಗ್ರಹ, ಎಲ್ಲದರ ಕಣ್ಣೂ ಭೂಮಿಯ ಮೇಲೆ: ಬೆಳೆ, ನೀರು, ತೈಲ, ಗಣಿ. ಇಡೀ ಪ್ರಕರಣದ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಾರಿಸುವ ಶಕ್ತಿ ಇತ್ತು, ದೊಡ್ಡ ದುಡ್ಡೂ ಬಂತು. ಮೇಲೆ ನೋಡುವ ಟೆಲಿಸ್ಕೋಪ್ ಕಂಪನಿಗೆ ತನ್ನ ಗಣಿಯ ಕೆಲಸಕ್ಕೆ ಬೇಕಿದ್ದ ಒಂದು ಮೆಟ್ಟಿಲು. ವ್ಯಾಪಾರ ಬೇರೆ ಕಡೆ ತಿರುಗಿದಾಗ ಆ ಮೆಟ್ಟಿಲು ಬೇಡವಾಯಿತು. 17 ಸಾವಿರ ಜನ ದುಡ್ಡು ಕೊಟ್ಟಿದ್ದರು, ನಿಜ. ಆದರೆ ಆ ಟೆಲಿಸ್ಕೋಪ್ ಇಲ್ಲದೆ ತಮ್ಮ ಕೆಲಸವೇ ನಿಲ್ಲುತ್ತದೆ ಎನ್ನುವವರು ಅವರಲ್ಲಿ ಇರಲಿಲ್ಲ, ಕಂಪನಿಯಲ್ಲೂ ಉಳಿದಿರಲಿಲ್ಲ. ಪೂರ್ತಿ ದುಡ್ಡು ಹಿಂದಿರುಗಿಸಿದ್ದು ದೊಡ್ಡ ಗುಣವೇ. ಕಿಕ್‌ಸ್ಟಾರ್ಟರ್‌ನಲ್ಲಿ ಅಪರೂಪ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. 2016ರ ಕೊನೆಯಲ್ಲಿ ಲಕ್ಸೆಂಬರ್ಗ್ ಸರ್ಕಾರ 2.5 ಕೋಟಿ ಯೂರೋ ಹೂಡುವುದಾಗಿ ಹೇಳಿತು. 2018ರ ಜನವರಿ 12ರಂದು ಆರ್ಕಿಡ್-6 ಹಾರಿತು, ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ-ಸಿ40ರಲ್ಲಿ, ಕಾರ್ಟೋಸ್ಯಾಟ್ ಜೊತೆಗೆ. ಅದರ ಅವಗೆಂಪು ಕ್ಯಾಮೆರಾ ನೋಡಿದ್ದೂ ಭೂಮಿಯನ್ನೇ. ಅದೇ ವರ್ಷ ಮುಂದಿನ ಹೂಡಿಕೆ ಸಿಗದೆ ಕಂಪನಿ ಸೊರಗಿತು. ಅಕ್ಟೋಬರ್ 31ರಂದು ಕಾನ್ಸೆನ್ಸಿಸ್ ಎಂಬ ಬ್ಲಾಕ್‌ಚೈನ್ ಕಂಪನಿ ಅದನ್ನು ಕೊಂಡಿತು. 2020ರಲ್ಲಿ ಅದರ ಬೌದ್ಧಿಕ ಆಸ್ತಿಯನ್ನು ಎಲ್ಲರೂ ಬಳಸಬಹುದೆಂದು ಬಿಟ್ಟುಕೊಟ್ಟಿತು.

ಹ್ಯಾಮ್‌ಗಳಿಗೆ ಆಗಿದ್ದು ನಮಗೇಕೆ ಆಗಲಿಲ್ಲ?

ಹವ್ಯಾಸಿಗಳು ಬಾಹ್ಯಾಕಾಶ ಮುಟ್ಟಿಯೇ ಇಲ್ಲ ಅನ್ನುವಂತಿಲ್ಲ. ಹ್ಯಾಮ್ ರೇಡಿಯೋದವರ ಮೊದಲ ಉಪಗ್ರಹ ಆಸ್ಕರ್-1 ಹಾರಿದ್ದು 1961ರ ಡಿಸೆಂಬರ್ 12ರಂದು. ಸ್ಪುಟ್ನಿಕ್ ಹಾರಿ ಆಗಿನ್ನೂ ನಾಲ್ಕು ವರ್ಷ. ಅದು ಮಾಡುತ್ತಿದ್ದದ್ದು ಒಂದೇ ಕೆಲಸ: ಮೋರ್ಸ್‌ನಲ್ಲಿ ‘ಹಾಯ್’ ಅನ್ನುವುದು. ನಮ್ಮಲ್ಲೂ ಹ್ಯಾಮ್‌ಸ್ಯಾಟ್ ಇತ್ತು. 42.5 ಕಿಲೋದ ಈ ಉಪಗ್ರಹವನ್ನು ಇಸ್ರೋ 2005ರ ಮೇ 5ರಂದು ಹಾರಿಸಿತು. ಸಂಕೇತ ಹಿಡಿದು ಮತ್ತೆ ಕೆಳಗೆ ಕಳಿಸುವ ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ಹ್ಯಾಮ್ ವಿದ್ಯಾರ್ಥಿ. ಎರಡು ವರ್ಷ ಬಾಳಲಿ ಎಂದು ಕಳಿಸಿದ್ದು 2014ರ ಜುಲೈವರೆಗೆ ಬಾಳಿತು.

ಯಂತ್ರದ ದೃಷ್ಟಿಯಿಂದ ವ್ಯತ್ಯಾಸ ಸ್ಪಷ್ಟ. ಹ್ಯಾಮ್‌ಸ್ಯಾಟ್ ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗುತ್ತಿದ್ದರೆ ಸಾಕಿತ್ತು. ರೇಡಿಯೋ ಎಲ್ಲ ಕಡೆಗೂ ಹರಡುತ್ತದೆ, ಗುರಿ ಹಿಡಿಯುವ ರಗಳೆ ಇಲ್ಲ. ಜನರ ವ್ಯತ್ಯಾಸವೂ ಅಷ್ಟೇ ದೊಡ್ಡದು. ಹ್ಯಾಮ್‌ಗಳಿಗೆ ಉಪಗ್ರಹವೇ ಬೇಕು, ದೂರದವರ ಜೊತೆ ಅದರ ಮೂಲಕ ಮಾತಾಡಬೇಕು. ಅವರೇ ಕಟ್ಟುತ್ತಾರೆ, ಅವರೇ ಕೇಳುತ್ತಾರೆ, ಕೆಟ್ಟರೆ ಅವರೇ ವರ್ಷಗಟ್ಟಲೆ ಕಾಯುತ್ತಾರೆ. 1974ರ ಆಸ್ಕರ್-7 ಬ್ಯಾಟರಿ ಸತ್ತು 1981ರಲ್ಲಿ ಸುಮ್ಮನಾಗಿತ್ತು. 2002ರಲ್ಲಿ ಬಿಸಿಲಿನಿಂದಲೇ ಮತ್ತೆ ಮಾತಾಡಿತು. ಆಗಲೂ ಅದಕ್ಕೆ ಕಿವಿಗೊಟ್ಟವರು ಅವರೇ.

ಈಗ ಒಂದು ಕ್ಲಬ್ ಕೈ ಹಾಕಿದರೆ

2013ಕ್ಕೆ ಹೋಲಿಸಿದರೆ ದಾರಿ ಸ್ವಲ್ಪ ಸುಲಭವಾಗಿದೆ, ಅದೂ ನಮ್ಮ ಕಡೆ. ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನು ಉಡಾವಣೆಯ ನಂತರ ಬಿಸಾಡದೆ ಪ್ರಯೋಗದ ವೇದಿಕೆಯಾಗಿ ಬಳಸುವ ಪೊಯಮ್ ವ್ಯವಸ್ಥೆಯನ್ನು ಇಸ್ರೋ 2022ರ ಜೂನ್‌ನಲ್ಲಿ ಶುರುಮಾಡಿತು. ಉಪಗ್ರಹದ ಡಬ್ಬ, ಬ್ಯಾಟರಿ, ಸೌರ ಫಲಕ ನಾವೇ ಮಾಡಬೇಕಿಲ್ಲ. ನಮ್ಮ ಪೆಟ್ಟಿಗೆ ಕೊಟ್ಟರೆ ಅದಕ್ಕೆ ಜಾಗ, ವಿದ್ಯುತ್, ಸಂಪರ್ಕ ಸಿಗುತ್ತದೆ. 2024ರ ಡಿಸೆಂಬರ್ 30ರಂದು ಹಾರಿದ ಪೊಯಮ್-4ರಲ್ಲಿ 24 ಪ್ರಯೋಗಗಳಿದ್ದವು. ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳದ್ದೂ ಒಂದಿತ್ತು.

ನನ್ನ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ 2023ರ ಏಪ್ರಿಲ್ 22ರದ್ದು. ಭಾರತೀಯ ಖಭೌತ ಸಂಸ್ಥೆಯವರು ‘ಸ್ಟಾರ್‌ಬೆರಿಸೆನ್ಸ್’ ಎಂಬ ಪುಟ್ಟ ಉಪಕರಣವನ್ನು ಪಿಎಸ್‌ಎಲ್‌ವಿ-ಸಿ55ರ ಪೊಯಮ್-2ರಲ್ಲಿ ಕಳಿಸಿದರು. ಅದರ ಮಿದುಳು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ನಮ್ಮ ಹುಡುಗರು ಆನ್‌ಲೈನ್‌ನಲ್ಲಿ ತರಿಸಿಕೊಂಡು ಆಟ ಆಡುತ್ತಾರಲ್ಲ, ಅದೇ. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ ಮಾಡಿದ್ದು. ಎದುರಿಗೆ ಕಾಣುವ ನಕ್ಷತ್ರಗಳನ್ನು ಗುರುತಿಸಿ, ತಾನು ಆಕಾಶದ ಯಾವ ಕಡೆ ಮುಖ ಮಾಡಿದ್ದೇನೆ ಎಂದು ಲೆಕ್ಕ ಹಾಕುವುದು ಅದರ ಕೆಲಸ, ಮತ್ತು ಅದನ್ನು ಮಾಡಿತು.

ಗುರಿ ಹಿಡಿಯುವ ಕಷ್ಟದ ಮೊದಲರ್ಧ ಇದೇ. ಇನ್ನರ್ಧ, ಅಂದರೆ ಗೊತ್ತಾದ ಗುರಿಯಲ್ಲಿ ಅಲುಗದೆ ನಿಲ್ಲುವುದು, ಇನ್ನೂ ದುಬಾರಿಯೇ. ಹಾಗಾಗಿ ಒಂದು ಕ್ಲಬ್ ನನ್ನನ್ನು ಕೇಳಿದರೆ, ಎಂಟಿಂಚಿನ ಮಾತು ಎತ್ತಬೇಡಿ ಅನ್ನುತ್ತೇನೆ. 3 ಸೆಂ.ಮೀ. ಮಸೂರ, ಒಂದು ಸೆನ್ಸರ್, ಸ್ವಲ್ಪ ಅಲುಗಾಡಿದರೂ ನಡೆಯುವ ಒಂದು ಕೆಲಸ: ಬರಿಗಣ್ಣಿಗೆ ಕಾಣುವ ಕೆಲವು ಚರ ನಕ್ಷತ್ರಗಳ, ಅಂದರೆ ಹೊಳಪು ಏರಿಳಿಯುವ ನಕ್ಷತ್ರಗಳ, ಬೆಳಕು ಅಳೆಯುವುದು. ಕ್ಲಬ್‌ನಲ್ಲಿ ಆ ನಕ್ಷತ್ರಗಳನ್ನು ಈಗಾಗಲೇ ತಾರಸಿಯಿಂದ ತಿಂಗಳುಗಟ್ಟಲೆ ಅಳೆಯುತ್ತಿರುವವರು ಒಂದಿಬ್ಬರಾದರೂ ಇರಬೇಕು. ಮಳೆಗಾಲದಲ್ಲಿ ಮೋಡ ಕವಿದು ಅವರ ಲೆಕ್ಕದಲ್ಲಿ ತೂತು ಬೀಳುತ್ತದೆ. ಆ ತೂತು ತುಂಬಲು ಬೇಕಾದದ್ದು ಯಾವ ಉಪಕರಣ, ಎಷ್ಟು ನಿಖರವಾಗಿರಬೇಕು ಎಂದು ಅವರೇ ಬರೆದುಕೊಡಲಿ. ಚಂದಾ ಪುಸ್ತಕ ಅಚ್ಚು ಹಾಕಿಸುವುದು ಅದಾದ ಮೇಲೆ.